ಓಟಿಯಲ್ಲಿ ಬಿಪಿ ಕುಸಿದಾಗ ಅಲರ್ಜಿಯೂ ನೆನಪಿರಲಿ

ಅರಿವಳಿಕೆಯಲ್ಲಿರುವ ರೋಗಿ ಮೈ ತುರಿಸುತ್ತಿದೆ, ಉಸಿರು ಕಟ್ಟುತ್ತಿದೆ ಎಂದು ಹೇಳಲಾರರು. ಮೈತುಂಬ ಹೊದಿಸಿದ ಬಟ್ಟೆಯಡಿ ದದ್ದು ಎದ್ದರೂ ಕಾಣದು. ಬಿಪಿ ನೆಲ ಕಚ್ಚಿದಾಗ ಚರ್ಮಕ್ಕೆ ರಕ್ತವೇ ಸಾಲದು, ಹಾಗಾಗಿ ಎಷ್ಟೋ ಸಲ ದದ್ದು ಏಳುವುದೇ ಬಿಪಿ ಚೇತರಿಸಿಕೊಂಡ ಮೇಲೆ. ಜೀವಕ್ಕೇ ಎರವಾಗುವ ಇಂಥ ತೀವ್ರ ಅಲರ್ಜಿಯ, ಅಂದರೆ ಅನಾಫಿಲ್ಯಾಕ್ಸಿಸ್‌ನ, ಮೊದಲ ಸುಳಿವು ಮಾನಿಟರ್‌ನಲ್ಲಿದೆ: ಬಿಪಿ ಇಳಿಯುತ್ತದೆ, ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಅಲೆ ಕುಗ್ಗುತ್ತದೆ, ಕೆಲವರಲ್ಲಿ ವೆಂಟಿಲೇಟರ್ ಒತ್ತಡ ಏರುತ್ತದೆ. ಇದು ನಿದ್ದೆ ಬರಿಸುವ ಪ್ರೊಪೊಫಾಲ್‌ನಿಂದಲೋ ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆಯಿಂದಲೋ ಇರಬೇಕೆಂದು ಬಿಪಿ ಏರಿಸುವ ಮೆಫೆಂಟರ್ಮಿನ್ ಕೊಡುತ್ತ ಕೂತರೆ ನಿಮಿಷಗಳು ಜಾರುತ್ತವೆ.

ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಷ್ಟ್ರೀಯ ಸಮೀಕ್ಷೆ ಎನ್‌ಎಪಿ6ರ 2018ರ ವರದಿಯ ಪ್ರಕಾರ ಅನಾಫಿಲ್ಯಾಕ್ಸಿಸ್ ಸುಮಾರು 10,000 ಅರಿವಳಿಕೆಗಳಲ್ಲಿ ಒಂದರಲ್ಲಿ ಆಗುತ್ತದೆ. ಕಾರಣ ಸಿಕ್ಕವುಗಳಲ್ಲಿ ಹತ್ತಿರಹತ್ತಿರ ಅರ್ಧ ಆ್ಯಂಟಿಬಯಾಟಿಕ್‌ಗಳದ್ದು, ಮೂರನೇ ಒಂದು ಪಾಲು ಸ್ನಾಯು ಸಡಿಲಿಸುವ ಔಷಧಿಗಳದ್ದು. ಆಮೇಲೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ. ಇದರ ಬಗ್ಗೆ ನಮಗೆ ಹೆಚ್ಚು ಕಳವಳ, ಏಕೆಂದರೆ ಅದು ಚಾರ್ಟ್‌ನಲ್ಲಿ ಬರೆಯುವ ಔಷಧಿಯೇ ಅಲ್ಲ. ಮೂತ್ರದ ಕ್ಯಾತಿಟರ್‌ಗೆ ಹಚ್ಚುವ ಜೆಲ್ಲಿಯಲ್ಲಿ, ದೊಡ್ಡ ರಕ್ತನಾಳಕ್ಕೆ ಹಾಕುವ ಕೆಲವು ಸೆಂಟ್ರಲ್ ಲೈನ್‌ಗಳ ಲೇಪನದಲ್ಲಿ ಅಡಗಿರುತ್ತದೆ. ಅನುಮಾನ ಬಂದರೆ ಆ ಲೈನನ್ನು ತೆಗೆಯಲೇಬೇಕು. ಆ್ಯಂಟಿಬಯಾಟಿಕ್ಕಿನ ಟೆಸ್ಟ್ ಡೋಸ್ ನೆಚ್ಚಿಕೊಳ್ಳಬೇಡಿ. ಔಷಧಿಯನ್ನೇ ರೋಗಿ ಎಚ್ಚರವಿರುವಾಗ, ಅರಿವಳಿಕೆಗೆ ಕೆಲವು ನಿಮಿಷ ಮೊದಲು ಕೊಟ್ಟರೆ ಯಾವುದರಿಂದ ಆಯಿತೆಂಬುದಾದರೂ ತಿಳಿಯುತ್ತದೆ.

ಮದ್ದು ಅಡ್ರಿನಲಿನ್. ಆಂಪೂಲ್‌ನಲ್ಲಿ 1 ಮಿಲೀಗೆ 1 ಮಿಗ್ರಾಂ ಇರುತ್ತದೆ. ಅದನ್ನು 10 ಮಿಲೀ ಸಿರಿಂಜ್‌ಗೆ ಎಳೆದು 9 ಮಿಲೀ ಸಲೈನ್ ಸೇರಿಸಿ, ಲೇಬಲ್ ಅಂಟಿಸಿ. ವಯಸ್ಕರಿಗೆ ಇದರಲ್ಲಿ 0.5 ಮಿಲೀ, ಅಂದರೆ 50 ಮೈಕ್ರೋಗ್ರಾಂ, ರಕ್ತನಾಳಕ್ಕೆ. ಬಿಪಿ ಏಳದಿದ್ದರೆ ಮತ್ತೆ ಮತ್ತೆ. ಮೂರು ಡೋಸ್‌ಗೂ ಬಗ್ಗದಿದ್ದರೆ ಡ್ರಿಪ್‌ನಂತೆ ನಿರಂತರ ಹರಿಯುವ ಇನ್‌ಫ್ಯೂಷನ್ ಹಚ್ಚಿ. ಎಡವುವುದು ಇಲ್ಲೇ: ಬೆರೆಸದ 0.5 ಮಿಲೀ ತೊಡೆಯ ಸ್ನಾಯುವಿಗೆ ಕೊಡುವ ಡೋಸ್. ಗಡಿಬಿಡಿಯಲ್ಲಿ ಅದನ್ನೇ ರಕ್ತನಾಳಕ್ಕೆ ಹಾಕಿದರೆ ಹತ್ತು ಪಟ್ಟಾಗುತ್ತದೆ, ಹೃದಯದ ಬಡಿತ ಹಳಿ ತಪ್ಪುತ್ತದೆ. ಜೊತೆಗೇ ಕಾಲು ಎತ್ತರಿಸಿ, ಸಲೈನ್ ಅಥವಾ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) 500ರಿಂದ 1000 ಮಿಲೀ ವೇಗವಾಗಿ ಹರಿಸಿ. ಮೇಲಿನ ಬಿಪಿ 50ಕ್ಕಿಂತ ಕೆಳಗಿಳಿದರೆ, ಇಸಿಜಿಯಲ್ಲಿ ಬಡಿತ ಕಾಣುತ್ತಿದ್ದರೂ ಎದೆ ಒತ್ತಲು ಶುರುಮಾಡಿ. ಅಲರ್ಜಿ ತಗ್ಗಿಸುವ ಅವಿಲ್, ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಆಮೇಲೆ. ಜೀವ ಉಳಿಸುವುದು ಅವಲ್ಲ.

ರೋಗಿ ಸ್ಥಿರವಾದ ಕೂಡಲೇ ಟ್ರಿಪ್ಟೇಸ್‌ ಪರೀಕ್ಷೆಗೆ ರಕ್ತ ತೆಗೆಯಿರಿ; ಅಲರ್ಜಿಯಾದಾಗ ರಕ್ತದಲ್ಲಿ ಏರುವ ಕಿಣ್ವ ಅದು. ಮತ್ತೆ 1-2 ಗಂಟೆಗೆ, ಕೊನೆಗೆ 24 ಗಂಟೆಯಾದ ಮೇಲೆ. ಕೊನೆಯದು 5 ಇದ್ದರೆ, ಅದರ 1.2 ಪಟ್ಟಿಗೆ 2 ಕೂಡಿಸಿ, 8 ಬರುತ್ತದೆ. ಮೊದಲಿನದು 8 ದಾಟಿದ್ದರೆ ಅನಾಫಿಲ್ಯಾಕ್ಸಿಸ್‌ಗೆ ಬಲವಾದ ಪುರಾವೆ. ದಾಟದಿದ್ದರೂ ಅಲ್ಲವೆನ್ನಲಾಗದು. ಚರ್ಮದ ಪರೀಕ್ಷೆ 4-6 ವಾರಗಳ ನಂತರ. ಅಲರ್ಜಿ ತಜ್ಞರಿಗೆ ಬರೆಯುವ ಪತ್ರದಲ್ಲಿ ಔಷಧಿಗಳಷ್ಟೇ ಅಲ್ಲ, ಜೆಲ್ಲಿ, ಬಣ್ಣದ ಡೈ, ಗ್ಲೌಸ್ ಎಲ್ಲವನ್ನೂ ಸಮಯದ ಸಮೇತ ಬರೆಯಿರಿ, ಒಂದು ಪ್ರತಿ ರೋಗಿಯ ಕೈಗೂ ಕೊಡಿ.