ಮಂಗನ ಹಿಕ್ಕೆ, ಮುಸಿಯನ ಹಿಕ್ಕೆ

ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕವಣೆ ಕಲ್ಲು ತಿನ್ನುವವರು ಇಬ್ಬರು: ಮಂಗ ಮತ್ತು ಮುಸಿಯ (ಲಂಗೂರ್). ತೋಟದವರಿಗೆ ಇಬ್ಬರೂ ಒಂದೇ. ಹೊಟ್ಟೆಯೊಳಗೆ ಮಾತ್ರ ಅಜಗಜಾಂತರ. ಮಂಗನದು ನಮ್ಮ ಹಾಗೆ ಸಾದಾ ಜಠರ. ಸಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಓಡುವ ಗಿರಾಕಿ. ಕರಿಮೋರೆಯ ಮುಸಿಯನಿಗೆ ಆ ಚೀಲವಿಲ್ಲ, ಜಠರವೇ ಕೋಣೆ ಕೋಣೆಯಾಗಿದೆ. ತಿಂದ ಸೊಪ್ಪು ಮೊದಲು ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಹುಳಿಯುತ್ತದೆ. ಮುಂದಿನ ಆಮ್ಲದ ಕೋಣೆಯಲ್ಲಿ ಆ ಬ್ಯಾಕ್ಟೀರಿಯಾಗಳೇ ಮುಸಿಯನ ಊಟ. ಕೊಟ್ಟಿಗೆಯ ದನದ್ದೂ ಇದೇ ದಾರಿ, ಮೆಲುಕು ಒಂದು ಹೆಚ್ಚು.

ಬ್ಯಾಕ್ಟೀರಿಯಾದ ಗೋಡೆ ಒಡೆಯುವುದು ಲೈಸೋಜೈಮ್, ನಮ್ಮ ಕಣ್ಣೀರಲ್ಲೂ ಎಂಜಲಲ್ಲೂ ಇರುವ ಕಿಣ್ವ. ದನದಲ್ಲೂ ಮುಸಿಯನಲ್ಲೂ ಅದು ಬೇರೆ ಬೇರೆಯಾಗಿ ಜಠರದ ಕೆಲಸಕ್ಕೆ ಇಳಿದಿದೆ. ಎರಡರಲ್ಲೂ ಕೆಲವು ಅಮೈನೋ ಆಮ್ಲಗಳು ಅದೇ ಜಾಗದಲ್ಲಿ ಅದೇ ರೀತಿ ಬದಲಾಗಿವೆ ಎಂದು 1987ರಲ್ಲಿ ಕ್ಯಾರೊ-ಬೆತ್ ಸ್ಟುವರ್ಟ್, ಅಲನ್ ವಿಲ್ಸನ್ ಮತ್ತು ಸಂಗಡಿಗರು ತೋರಿಸಿದರು. ವಿಕಾಸದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮೂರಲ್ಲಿ ಸಿಗಲಿಕ್ಕಿಲ್ಲ.

ಆದರೆ ನಮ್ಮ ಕೈಗೆ ಬರುವುದು ಹಿಕ್ಕೆ. ಅದು ಹೇಳುವುದು ದೊಡ್ಡ ಕರುಳಿನ ಸುದ್ದಿ. ಅದನ್ನು ನೋಡಿ ಜಠರದ ಬಗ್ಗೆ ಷರಾ ಬರೆಯಬಾರದು. ಒಂದೇ ಬೆಟ್ಟದಲ್ಲಿ ಬದುಕುವ ಎರಡು ಪ್ರಾಣಿಗಳ ಕರುಳಿನ ಬ್ಯಾಕ್ಟೀರಿಯಾ ಎಷ್ಟು ಬೇರೆ ಎಂದು ಕೇಳಲು ಮಾತ್ರ ಹಿಕ್ಕೆ ಧಾರಾಳ ಸಾಕು.

ಅರಣ್ಯ ಇಲಾಖೆಯ ಅನುಮತಿ ಮೊದಲು. ಆಮೇಲೆ ರಾತ್ರಿ ತಂಗಿದ ಮರದ ಕೆಳಗೆ ಬೆಳಕು ಹರಿಯುವಾಗಲೇ ಹಾಜರಿರಬೇಕು. ಬೀಳುವುದನ್ನು ಕಣ್ಣಾರೆ ಕಂಡ ಹಿಕ್ಕೆ ಮಾತ್ರ ಲೆಕ್ಕಕ್ಕೆ. ತಡವಾದರೆ ಸಗಣಿ ಹುಳ, ಮಣ್ಣಿನ ಬ್ಯಾಕ್ಟೀರಿಯಾ ಎರಡೂ ಒಳಗೆ. ಹೊರಮೈಯನ್ನು ಹತ್ತಿಕಡ್ಡಿಯಿಂದ ಒರೆಸಿ ಬೇರೆ ನಳಿಗೆಗೆ ಹಾಕಿ: ಕರುಳಿನ ಗೋಡೆಯಿಂದ ಕಳಚಿದ ಜೀವಕೋಶ ಅಲ್ಲಿರುತ್ತದೆ, ಪ್ರಾಣಿಯದೇ ಡಿಎನ್‌ಎ ಸಿಗುತ್ತದೆ. ನಂತರ ಹಿಕ್ಕೆ ಒಡೆದು, ನೆಲಕ್ಕೆ ತಾಗದ ನಡುಭಾಗದಿಂದ ಕಡಲೆ ಗಾತ್ರದಷ್ಟು 2 ಮಿಲಿಲೀಟರಿನ ನಳಿಗೆಗೆ, ಮೇಲೆ 95% ಎಥನಾಲ್ ತುಂಬಿ. ಔಷಧಿ ಅಂಗಡಿಯ 70% ಸ್ಪಿರಿಟ್ಟು ಬೇಡ. ಹಿಕ್ಕೆಯ ನೀರು ಸೇರಿ ಅದು ಇನ್ನೂ ತೆಳುವಾಗಿ, ಬ್ಯಾಕ್ಟೀರಿಯಾಗಳ ಪ್ರಮಾಣ ಏರುಪೇರಾಗುತ್ತದೆ.

ಚೀಟಿ ಪೆನ್ಸಿಲ್ಲಿನಲ್ಲೇ ಬರೆಯಿರಿ. ಮುಚ್ಚಳದಿಂದ ಒಂದು ಹನಿ ಎಥನಾಲ್ ಸೋರಿದರೆ ಮಾರ್ಕರ್ ಶಾಯಿ ನೀಲಿ ಕಲೆಯಾಗಿ ಹರಡುತ್ತದೆ. ನಲವತ್ತು ನಳಿಗೆ, ನಲವತ್ತೂ ಅನಾಥ. ಹಿಕ್ಕೆ ಹಾಕದ ಒಂದು ನಳಿಗೆಯನ್ನೂ ಅಲ್ಲೇ ತೆರೆದು, ಎಥನಾಲ್ ತುಂಬಿ, ಮುಚ್ಚಿ ತನ್ನಿ. ಕೈಯಿಂದ, ಡಿಎನ್‌ಎ ತೆಗೆಯುವ ಕಿಟ್ಟಿನಿಂದ ಬಂದ ಬ್ಯಾಕ್ಟೀರಿಯಾ ಯಾವುದು ಎಂದು ಕೊನೆಗೆ ಹೇಳುವುದು ಅದೇ.

ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ, ಮಂಗನ ಕಾಯಿಲೆಯ ಕಾಲ. ತುಂಬುತೋಳು, ಕಾಲುಚೀಲದೊಳಗೆ ಪ್ಯಾಂಟು, ಉಣುಗು ಕಚ್ಚದಂತೆ ಹಚ್ಚುವ ಡೀಪಾ ಎಣ್ಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಎಣಿಕೆಯಲ್ಲಿ ಎಡವುವವರೇ ಹೆಚ್ಚು. ಒಂದು ಹಿಂಡಿನ 30 ಹಿಕ್ಕೆ ಎಂದರೆ 30 ಸ್ವತಂತ್ರ ಸಾಕ್ಷಿಗಳಲ್ಲ. ಒಬ್ಬರ ಹೇನು ಒಬ್ಬರು ಹೆಕ್ಕುತ್ತಾ ಬ್ಯಾಕ್ಟೀರಿಯಾವನ್ನೂ ಹಂಚಿಕೊಂಡಿರುತ್ತಾರೆ. ಹಿಂಡುಗಳ ಸಂಖ್ಯೆ ಹೆಚ್ಚಿಸಿ. ಎರಡೂ ಪ್ರಾಣಿಗಳ ಹಿಕ್ಕೆ ಅದೇ ವಾರದ್ದಿರಲಿ, ಇಲ್ಲದಿದ್ದರೆ ಮಾವಿನ ಹಣ್ಣಿನ ಪ್ರಭಾವವನ್ನೇ ವಿಕಾಸ ಎಂದುಕೊಂಡೀರಿ.

ಲ್ಯಾಬಿನಲ್ಲಿ ಡಿಎನ್‌ಎ ತೆಗೆಯುವಾಗ ಸಣ್ಣ ಮಣಿ ಹಾಕಿ ಜೋರಾಗಿ ಕುಲುಕದಿದ್ದರೆ ದಪ್ಪ ಗೋಡೆಯ ಬ್ಯಾಕ್ಟೀರಿಯಾ ಒಡೆಯುವುದಿಲ್ಲ, ಪಟ್ಟಿಯಿಂದಲೇ ಜಾರುತ್ತವೆ. ಮುಸಿಯನ ಹಿಕ್ಕೆಯಲ್ಲಿ ಸೊಪ್ಪಿನ ಒಗರು ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸುವ ವಿಧಾನ) ತಡೆಯುತ್ತದೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಮಾಡಿ ನೋಡಿ, ಹೆಚ್ಚಿನ ಸಲ ಓಡುತ್ತದೆ. ಇನ್ನೊಂದು ಕಿರಿಕಿರಿ ಸೊಪ್ಪಿನ ಹರಿತ್ತುಕಣದ್ದು (ಕ್ಲೋರೋಪ್ಲಾಸ್ಟ್). ಅದರ ಮೂಲವೂ ಬ್ಯಾಕ್ಟೀರಿಯಾವೇ ಆದ್ದರಿಂದ ಬ್ಯಾಕ್ಟೀರಿಯಾ ಗುರುತಿಸುವ 16ಎಸ್ ಜೀನಿಗೆ ಅಂಟುವ ಪ್ರೈಮರ್ (ಡಿಎನ್‌ಎಯ ಚಿಕ್ಕ ತುಣುಕು) ಅದನ್ನೂ ಹಿಡಿಯುತ್ತದೆ. ಹರಿತ್ತುಕಣದ ಡಿಎನ್‌ಎ ಸಾಲುಗಳನ್ನು ತೆಗೆದ ಮೇಲೆ ಎಷ್ಟು ಉಳಿಯಿತು ಎಂದು ನೋಡಿಯೇ ಮುಂದಿನ ಲೆಕ್ಕಕ್ಕೆ ಕೈ ಹಾಕಿ.