ಜಿಮ್ಮಿ ಸ್ಟೀವರ್ಟ್ ಊರಿಗೆ ಹೋಗುವವರಿಗೆ

ಅಮೆರಿಕದ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬರುವ ಕನ್ನಡದವರು ಬೇಕಾದಷ್ಟು ಜನ. ದರ್ಶನ ಮುಗಿಸಿ, ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದು, ಹೆಚ್ಚಿನವರು ನಯಾಗರದ ಕಡೆಗೋ ಮನೆ ಕಡೆಗೋ ಹೊರಟುಬಿಡುತ್ತಾರೆ. ಆದರೆ ಹಳೇ ಹಾಲಿವುಡ್ ಸಿನಿಮಾ ಇಷ್ಟಪಡುವವರು ನಿಮ್ಮ ಜೊತೆಗಿದ್ದರೆ ಇನ್ನೊಂದು ದಿನ ಕೈಯಲ್ಲಿಟ್ಟುಕೊಳ್ಳಿ. ಅಲ್ಲಿಂದ ಪೂರ್ವಕ್ಕೆ ಒಂದು ಗಂಟೆ ಚಿಲ್ಲರೆ ದಾರಿಯಲ್ಲಿ ಹಳೇ ಹಾಲಿವುಡ್‌ನ ದೊಡ್ಡ ನಟ ಜಿಮ್ಮಿ ಸ್ಟೀವರ್ಟ್ ಹುಟ್ಟಿ ಬೆಳೆದ ಊರಿದೆ. ನಮ್ಮ ಅಪ್ಪ ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾದಲ್ಲಿ ಇಂಗ್ಲಿಷ್ ಸಿನಿಮಾ ನೋಡಿ ಬೆಳೆದವರು. ಅಮೆರಿಕಕ್ಕೆ ಬಂದಾಗ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ ಜಾಗವನ್ನು.

ಊರಿನ ಹೆಸರು ಇಂಡಿಯಾನಾ. ಇರುವುದು ಪೆನ್ಸಿಲ್ವೇನಿಯಾದಲ್ಲಿ, ಇಂಡಿಯಾನಾ ರಾಜ್ಯದಲ್ಲಲ್ಲ. ಫೋನಿನ ಮ್ಯಾಪ್‌ನಲ್ಲಿ ಹಾಕುವಾಗ ರಾಜ್ಯದ ಹೆಸರನ್ನೂ ಸೇರಿಸಿ. ಪಿಟ್ಸ್‌ಬರ್ಗ್ ಪೇಟೆಯಿಂದ ಸುಮಾರು 90 ಕಿಲೋಮೀಟರ್ ಆಗುತ್ತದೆ. ಹೆದ್ದಾರಿ 22 ಹಿಡಿದು ಬ್ಲೇರ್ಸ್‌ವಿಲ್ ಹತ್ತಿರದವರೆಗೆ ಹೋಗಿ, ಅಲ್ಲಿ 119ಕ್ಕೆ ತಿರುಗಿ ಉತ್ತರಕ್ಕೆ ಹೋದರೆ ಆಯಿತು. ಸ್ಟೀವರ್ಟ್ ಹೆಸರಿನ ವಿಮಾನ ನಿಲ್ದಾಣವೂ ಈ ಊರಲ್ಲಿದೆ, ಆದರೆ ನೀವು ಇಳಿಯಬೇಕಾದ್ದು ಪಿಟ್ಸ್‌ಬರ್ಗ್‌ನಲ್ಲೇ. ಕಾರಿಲ್ಲದೆ ಈ ಪ್ರವಾಸ ಕಷ್ಟ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಅವರ ಎರಡು ಸಿನಿಮಾಗಳನ್ನು ಸಾಲಾಗಿ ನೋಡಿ. 1939ರ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಮೊದಲು, 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಆಮೇಲೆ. ಎರಡಕ್ಕೂ ನಿರ್ದೇಶಕ ಫ್ರಾಂಕ್ ಕಾಪ್ರಾ. ಎರಡರಲ್ಲೂ ಅದೇ ಉದ್ದನೆಯ ಮನುಷ್ಯ, ಅದೇ ತಡವರಿಸುವ ಮಾತು. ಆದರೆ ಎರಡನೆಯದರಲ್ಲಿ ನಾಯಕ ಬಾರ್‌ನಲ್ಲಿ ಕೂತು ದೇವರನ್ನು ಬೇಡಿಕೊಳ್ಳುವ ದೃಶ್ಯ ಗಮನಿಸಿ. ಕೈ ನಡುಗುತ್ತದೆ, ಕಣ್ಣು ತುಂಬಿಕೊಳ್ಳುತ್ತದೆ, ಮುಷ್ಟಿಯಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಆ ಅಳು ಮೊದಲೇ ಯೋಚಿಸಿ ಇಟ್ಟದ್ದಲ್ಲ, ತಾನಾಗಿ ಬಂದದ್ದು ಎಂದು ಸ್ಟೀವರ್ಟ್ ಆಮೇಲೆ ಹೇಳಿಕೊಂಡಿದ್ದಾರೆ. ಈ ಎರಡು ಸಿನಿಮಾಗಳ ನಡುವೆ ಒಂದು ಯುದ್ಧ ಇದೆ, ಎರಡನೇ ಮಹಾಯುದ್ಧ. ಅದು ತಲೆಯಲ್ಲಿದ್ದರೆ ಮ್ಯೂಸಿಯಂ ಬೇರೆಯೇ ತರಹ ಕಾಣುತ್ತದೆ.

ನೋಡಬೇಕಾದ್ದೆಲ್ಲ ಫಿಲಡೆಲ್ಫಿಯಾ ಸ್ಟ್ರೀಟ್ ಎಂಬ ಮುಖ್ಯ ಬೀದಿಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಕಾರು ಒಂದೇ ಕಡೆ ನಿಲ್ಲಿಸಿ ನಡೆದೇ ನೋಡಬಹುದು. ನ್ಯಾಯಾಲಯದ ಮುಂದೆ ಸ್ಟೀವರ್ಟ್ ಅವರ ಕಂಚಿನ ಪ್ರತಿಮೆ ಇದೆ. 1983ರ ಮೇ 20ರಂದು, ಅವರಿಗೆ 75 ತುಂಬಿದ ದಿನ, ಅವರೇ ಊರಿಗೆ ಬಂದಿದ್ದರು. ಕಂಚಿನದು ಅಷ್ಟರೊಳಗೆ ಸಿದ್ಧವಾಗಿರಲಿಲ್ಲ. ಹಾಗಾಗಿ ಫೈಬರ್‌ಗ್ಲಾಸಿನ ಪ್ರತಿಮೆ ಇಟ್ಟು ಸಮಾರಂಭ ನಡೆಸಿದ್ದರು.

ಅದೇ ಬೀದಿಯಲ್ಲಿ ಅವರ ತಂದೆ ಅಲೆಕ್ಸಾಂಡರ್ ಸ್ಟೀವರ್ಟ್ ಅವರ ಹಾರ್ಡ್‌ವೇರ್ ಅಂಗಡಿ ಇತ್ತು. ಮೊಳೆ, ಸುತ್ತಿಗೆ, ಬಣ್ಣ ಮಾರುವ ಅಂಗಡಿ. ಈಗ ಅಲ್ಲಿ ಬ್ಯಾಂಕಿನ ಕಟ್ಟಡವಿದೆ. ಅಂಗಡಿಯೇ ಇಲ್ಲದ ಮೇಲೆ ನೋಡುವುದೇನು ಎನ್ನಬೇಡಿ. ‘ದ ಫಿಲಡೆಲ್ಫಿಯಾ ಸ್ಟೋರಿ’ ಚಿತ್ರಕ್ಕೆ ಮಗನಿಗೆ ಆಸ್ಕರ್ ಬಂದಾಗ ಅಪ್ಪ ಫೋನ್ ಮಾಡಿ, ಅದೇನೋ ಬಹುಮಾನ ಬಂತಂತೆ, ಇಲ್ಲಿಗೆ ಕಳಿಸು, ಅಂಗಡಿಯಲ್ಲಿ ಇಡೋಣ ಎಂದರಂತೆ. ಮಗ ಕಳಿಸಿಯೇಬಿಟ್ಟರು. ಮೊಳೆ ಕೊಳ್ಳಲು ಬಂದವರೆಲ್ಲ ವರ್ಷಗಟ್ಟಲೆ ಆ ಆಸ್ಕರ್ ನೋಡಿಕೊಂಡು ಹೋದರು. ಈ ನಟನನ್ನು ಅರ್ಥ ಮಾಡಿಕೊಳ್ಳಲು ಹಾಲಿವುಡ್‌ಗಿಂತ ಈ ಬೀದಿಯೇ ಸರಿ ಎಂದು ನಾನು ಹೇಳುವುದು ಇದಕ್ಕೇ.

ಮ್ಯೂಸಿಯಂ ಇರುವುದು ನ್ಯಾಯಾಲಯದ ಪಕ್ಕದ ಸಾರ್ವಜನಿಕ ಗ್ರಂಥಾಲಯದ ಮೂರನೇ ಮಹಡಿಯಲ್ಲಿ. 1995ರಲ್ಲಿ ಶುರುವಾಯಿತು. ತನ್ನ ಹೆಸರಿನಲ್ಲಿ ಮ್ಯೂಸಿಯಂ ಎಂದಾಗ ಮೊದಲು ಹಿಂಜರಿದಿದ್ದ ಸ್ಟೀವರ್ಟ್, ಊರಿಗೆ ಒಳ್ಳೆಯದಾಗುತ್ತದೆ ಎಂದ ಮೇಲೆ ಒಪ್ಪಿಕೊಂಡರು. ಚಿಕ್ಕ ಜಾಗ. ಓಡಿಕೊಂಡು ನೋಡಿದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಹಾಗೆ ನೋಡಬೇಡಿ. ಎರಡು ಗಂಟೆ ಇಟ್ಟುಕೊಳ್ಳಿ. ಮನೆಯವರ ಫೋಟೋಗಳು, ಸಿನಿಮಾ ಪೋಸ್ಟರ್‌ಗಳು, ಹಳೇ ಕಾಲದ ಮಾದರಿಯ ಪುಟ್ಟ ಚಿತ್ರಮಂದಿರ ಎಲ್ಲ ಇವೆ. ಆದರೆ ಜಾಸ್ತಿ ಹೊತ್ತು ಸೇನೆಯ ವಿಭಾಗಕ್ಕೆ ಕೊಡಿ.

ಯಾಕೆಂದರೆ ಲೆಕ್ಕ ನೋಡಿ: 1941ರ ಫೆಬ್ರವರಿ ಕೊನೆಯಲ್ಲಿ ಆಸ್ಕರ್. ಮಾರ್ಚ್‌ನಲ್ಲಿ ಸೇನೆ. ಅದಕ್ಕೂ ಮುಂಚೆ ಒಂದು ಸಲ ತೂಕ ಕಡಿಮೆ ಎಂದು ವಾಪಸ್ ಕಳಿಸಿದ್ದರು. ಸುಮ್ನೆ ಕೂರದೆ, ತಿಂದು ತೂಕ ಹೆಚ್ಚಿಸಿಕೊಂಡು ಮತ್ತೆ ಹೋದರು. ಸಾಮಾನ್ಯ ಸಿಪಾಯಿಯಾಗಿ ಸೇರಿದವರು ನಾಲ್ಕೇ ವರ್ಷದಲ್ಲಿ ಕರ್ನಲ್ ಆದರು. ತಾರೆ ಎಂದು ಪ್ರಚಾರಕ್ಕೆ ನಿಲ್ಲಿಸಿದರೆ ಒಪ್ಪದೆ, ಪಟ್ಟು ಹಿಡಿದು ಯುದ್ಧಕ್ಕೇ ಹೋದರು. ಇಂಗ್ಲೆಂಡಿನಿಂದ ಬಿ-24 ಬಾಂಬರ್‌ಗಳಲ್ಲಿ 20 ದಾಳಿಗಳಿಗೆ ಹಾರಿದರು. ವಾಪಸ್ ಬಂದ ಮೇಲೆ ತಮ್ಮ ಯುದ್ಧದ ಸಾಧನೆಯನ್ನು ಸಿನಿಮಾ ಜಾಹೀರಾತಿಗೆ ಬಳಸಬಾರದು ಎಂದುಬಿಟ್ಟರು. ನಮ್ಮಪ್ಪ ಈ ಭಾಗದಲ್ಲಿ ಒಂದೊಂದು ಫಲಕವನ್ನೂ ಓದಿದರು. ನಾವು ಅವಸರ ಮಾಡಲಿಲ್ಲ.

ಆಮೇಲಿನ ಸಿನಿಮಾಗಳಲ್ಲಿ ಆ ಮುಖದಲ್ಲಿ ಒಂದು ಗಡಸು ಬಂತು. ನಿರ್ದೇಶಕ ಆಂಟನಿ ಮ್ಯಾನ್ ಜೊತೆಗಿನ ಕೌಬಾಯ್ ಚಿತ್ರಗಳಲ್ಲಿ, ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ಮತ್ತು ‘ವರ್ಟಿಗೋ’ದಲ್ಲಿ ಅದು ಎದ್ದು ಕಾಣುತ್ತದೆ. ನನ್ನನ್ನು ಕೇಳಿದರೆ ಆಸ್ಕರ್ ಬಂದ ಪಾತ್ರಕ್ಕಿಂತ ಇವೇ ಎಷ್ಟೋ ಮೇಲು. ದುಡ್ಡಿನ ವಿಷಯದಲ್ಲೂ ಅವರು ದಾರಿ ಮಾಡಿಕೊಟ್ಟರು. 1950ರ ‘ವಿಂಚೆಸ್ಟರ್ 73’ಕ್ಕೆ ಸಂಬಳದ ಬದಲು ಲಾಭದಲ್ಲಿ ಪಾಲು ಕೇಳಿದರು. ಆಮೇಲೆ ಬೇರೆ ತಾರೆಯರೂ ಇದೇ ದಾರಿ ಹಿಡಿದರು.

ಅವರು ಬೆಳೆದ ಮನೆ ವಿನೆಗರ್ ಹಿಲ್ ಎಂಬ ದಿಣ್ಣೆಯ ಮೇಲಿದೆ, ಪೇಟೆಗೆ ಹತ್ತಿರವೇ. ಏರು ಇದೆ, ಮಂಡಿನೋವಿನವರು ಕಾರಿನಲ್ಲೇ ಹೋಗುವುದು ಒಳ್ಳೆಯದು. ಅದು ಖಾಸಗಿ ಮನೆ. ರಸ್ತೆಯಿಂದಲೇ ನೋಡಿ ಬನ್ನಿ, ಬಾಗಿಲು ತಟ್ಟುವುದು ಬೇಡ. ಸಮಾಧಿ ಇಲ್ಲಿಲ್ಲ. 1997ರ ಜುಲೈ 2ರಂದು ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ.

ಊಟದ ಮಾತು. ವಿಶ್ವವಿದ್ಯಾಲಯ ಇರುವ ಊರಾದ್ದರಿಂದ ಪಿಜ್ಜಾ, ಸ್ಯಾಂಡ್‌ವಿಚ್‌ಗೆ ತೊಂದರೆ ಇಲ್ಲ. ಆದರೆ ಹಿರಿಯರಿಗೆ ಅನ್ನ ಬೇಕೇ ಬೇಕು ಅಲ್ವಾ? ಅಂಥವರಿದ್ದರೆ ದೇವಸ್ಥಾನದ ಕ್ಯಾಂಟೀನಿನಿಂದ ಮೊಸರನ್ನ ಕಟ್ಟಿಸಿಕೊಂಡು ಹೊರಡಿ.

ಯಾವಾಗ ಹೋಗಬೇಕು? ಅಕ್ಟೋಬರ್‌ನಲ್ಲಿ ದಾರಿಯುದ್ದಕ್ಕೂ ಎಲೆಗಳ ಬಣ್ಣ ಚೆಂದ. ನವೆಂಬರ್‌ನಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಹೆಸರಿನಲ್ಲೇ ಪೇಟೆಯಲ್ಲಿ ಹಬ್ಬ ಮಾಡುತ್ತಾರೆ. ಕ್ರಿಸ್‌ಮಸ್ ಮರ ಬೆಳೆಸುವುದಕ್ಕೂ ಈ ಜಿಲ್ಲೆ ಹೆಸರಾದದ್ದು, ಹಾಗಾಗಿ ಆ ಸಮಯದ ಸಡಗರ ನೋಡಲೇಬೇಕು. ಆದರೆ ಚಳಿ ಜೋರು, ಊರಿಂದ ಬಂದ ಹಿರಿಯರಿಗೆ ದಪ್ಪ ಜಾಕೆಟ್ಟು, ಕೈಗವಸು ಇರಲಿ. ಮ್ಯೂಸಿಯಂ ತೆರೆಯುವ ವೇಳೆ ಕಾಲಕ್ಕೆ ತಕ್ಕಂತೆ ಬದಲಾಗಬಹುದು, ಹೊರಡುವ ದಿನವೇ ಫೋನ್ ಮಾಡಿ ಕೇಳಿ. ವಾಪಸ್ ಬರುವಾಗ ಕತ್ತಲಾದರೆ 119ರಲ್ಲಿ ನಿಧಾನವಾಗಿ ಓಡಿಸಿ, ಜಿಂಕೆಗಳು ಅಡ್ಡ ಬರುತ್ತವೆ.