ಕ್ಯೋಟೋದಲ್ಲೊಂದು ಬಿಳಿ ಜಾಡಿ

ಎರಡು ದಿನ ಕ್ಯೋಟೋದ ದೇವಸ್ಥಾನಗಳ ನೂಕುನುಗ್ಗಲಲ್ಲಿ ಸುಸ್ತಾಗಿತ್ತು. ಮೂರನೇ ದಿನ 9ನೇ ನಂಬರಿನ ಬಸ್ಸು ಹತ್ತಿ ಊರಿನ ಉತ್ತರಕ್ಕೆ ಹೊರಟೆವು, ಕೊರಿಯಾದ ಹಳೇ ಕಲಾವಸ್ತುಗಳಿರುವ ಕೊರ್ಯೊ ಕಲಾ ಮ್ಯೂಸಿಯಂ ನೋಡೋಣ ಅಂತ. ಮಾತಾಡ್ತಾ ಮಾತಾಡ್ತಾ ಒಂದು ಸ್ಟಾಪ್ ಮುಂದೆ ಹೋಗಿ, ಬಿಸಿಲಲ್ಲಿ ವಾಪಸ್ ನಡೆದು ಬಂದಿದ್ದಾಯಿತು.

ಸುತ್ತ ಬರೀ ಮನೆಗಳು. ಗೇಟಿನ ಹತ್ತಿರ ಮಾತ್ರ ಕಲ್ಲಿನ ಮನುಷ್ಯರು ನಿಂತಿದ್ದಾರೆ. ಕೊರಿಯಾದಲ್ಲಿ ದೊಡ್ಡವರ ಸಮಾಧಿ ಮುಂದೆ ನಿಲ್ಲಿಸುತ್ತಿದ್ದ ಮೂರ್ತಿಗಳಿವು. ಇಲ್ಲಿ ಬೀದಿ ಕಾಯುತ್ತಿವೆ.

ಈ ಮ್ಯೂಸಿಯಂ ಕಟ್ಟಿದವರು ಜಂಗ್ ಜೋಮುನ್. 1918ರಲ್ಲಿ ಕೊರಿಯಾದ ಯೆಚಾನ್‌ನಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ಜಪಾನಿಗೆ ಬಂದವರು. ಕೂಲಿ ಮಾಡಿದರು, ಆಮೇಲೆ ಪಚಿಂಕೋ, ಅಂದರೆ ಯಂತ್ರದಲ್ಲಿ ಸಣ್ಣ ಗುಂಡು ಹಾರಿಸುವ ಜೂಜಿನಂಥ ಆಟದ ಅಂಗಡಿ ಇಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಬಿಳಿ ಪಿಂಗಾಣಿ ಜಾಡಿ ಕಣ್ಣಿಗೆ ಬಿತ್ತು. ತನ್ನ ದೇಶದ್ದು! ಬೆಲೆ ಕೇಳಿದರೆ ಮನೆ ಕೊಳ್ಳುವಷ್ಟು. ಬಿಡಲಿಲ್ಲ, ಕಂತಿನಲ್ಲಿ ದುಡ್ಡು ಕಟ್ಟಿ ತಂದರು. ಮನೆಯವರು ಏನಂದರೋ, ಪಾಪ! ಅಲ್ಲಿಂದ ಶುರುವಾದ ಹುಚ್ಚು ಸುಮಾರು 1,700 ವಸ್ತುಗಳವರೆಗೆ ಬೆಳೆಯಿತು. ಎಲ್ಲವೂ ಜಪಾನಿನಲ್ಲೇ ಸಿಕ್ಕಿದ್ದು.

ಒಳಗೆ ಸೆಲಡಾನ್ ಅನ್ನುವ, ತಿಳಿಹಸಿರು ಮೆರುಗಿನ ಪಿಂಗಾಣಿ ಬಟ್ಟಲುಗಳಿವೆ. ಮಣ್ಣು ಹಸಿ ಇರುವಾಗಲೇ ಚಿತ್ರ ಕೆತ್ತಿ, ಆ ಗೀರಿಗೆ ಬೇರೆ ಬಣ್ಣದ ಮಣ್ಣು ತುಂಬಿ ಸುಡುವ ಕೆಲಸ. ಚೆನ್ನಾಗಿದೆ. ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ದೊಡ್ಡ ಬಿಳಿ ಜಾಡಿಯ ಮುಂದೆ. ಮೊದಲ ನೋಟಕ್ಕೆ ನಮ್ಮಜ್ಜಿಯ ಉಪ್ಪಿನಕಾಯಿ ಭರಣಿ ನೆನಪಾಯಿತು. ಇಂಥ ಜಾಡಿಗಳನ್ನು ಒಂದೇ ಸಲಕ್ಕೆ ತಿರುಗಿಸುವುದಿಲ್ಲ. ಎರಡು ದೊಡ್ಡ ಬಟ್ಟಲು ಮಾಡಿ, ಬಾಯಿಗೆ ಬಾಯಿ ಕೂಡಿಸಿ ಸುಡುತ್ತಾರೆ. ಹೊಟ್ಟೆಯ ಸುತ್ತ ಆ ಬೆಸುಗೆ ಕಂಡೂ ಕಾಣದ ಹಾಗೆ ಇದೆ. ಒಂದು ಕಡೆ ಚೂರು ಸೊಟ್ಟ. ಬಿಳಿ ಅಂದರೂ ಸುಣ್ಣದ ಬಿಳಿ ಅಲ್ಲ, ಗಂಜಿ ತಿಳಿಯ ಬಣ್ಣ.

ಅಷ್ಟೆಲ್ಲ ಕೂಡಿಸಿದ ಮನುಷ್ಯ ಮಾತ್ರ ಊರಿಗೆ ವಾಪಸ್ ಹೋಗಲೇ ಇಲ್ಲ. ಉತ್ತರ ಕೊರಿಯಾ, ದಕ್ಷಿಣ ಕೊರಿಯಾ ಎರಡೂ ಒಂದಾದರೆ ಹೋಗುತ್ತೇನೆ ಅಂತ ಕಾದರು. ಮ್ಯೂಸಿಯಂಗೂ ಕೊರಿಯಾ ಒಂದೇ ದೇಶವಾಗಿದ್ದ ಕಾಲದ ಹೆಸರನ್ನೇ ಇಟ್ಟರು. 1988ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. 1989ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಹೊರಡುವ ಮುಂಚೆ ಬೆಸುಗೆ ನೋಡಲು ಇನ್ನೊಮ್ಮೆ ಬಗ್ಗಿದೆ. ಗಾಜಿಗೆ ಮೂಗು ತಾಗಿ ಮಂಜು ಕಟ್ಟಿತು. ಅಲ್ಲಿದ್ದ ಹೆಂಗಸು ನಗುತ್ತಾ ಬಟ್ಟೆ ತಂದು ಒರೆಸಿದರು.